ಕೋಮಲಳ ಕೊರಳ ಬಡಿತ

ಮದುವೆಯಾದ ಹೊಸದರಲ್ಲಿ ಪರಶು ಅದನ್ನು ಕಂಡಾಗ ಹೆದರಿರಲಿಲ್ಲ. ಕೋಮಲಳ ಕೊರಳ ಬುಡದಲ್ಲಿ, ಬಲಗಡೆಯ ಕೊರಳೆಲುಬಿನ ಮೇಲೆ, ಹುಣಸೆ ಬೀಜದಷ್ಟು ಉಬ್ಬು ಇತ್ತು. ಎದೆ ಬಡಿದಂತೆಲ್ಲ ಅದೂ ಬಡಿಯುತ್ತಿತ್ತು. "ನಿನ್ನ ಎದಿ ಇಲ್ಲಿಗೆ ಬಂದು ಕುಂತೈತೇನ?" ಎಂದು ಬೆರಳಿಟ್ಟು ನಕ್ಕಿದ್ದ.

"ಸಣ್ಣಾಕಿ ಇದ್ದಾಗಿಂದ ಹಂಗ ಐತ್ರಿ. ನೋವಿಲ್ಲ ಏನಿಲ್ಲ," ಎಂದಿದ್ದಳು ಅವಳು.

ಪರಶು ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಅವರಿಬ್ಬರು, ಮತ್ತೆ ತಾಯಿ ಮರೆವ್ವ. ಒಂದು ದಿನ ಸೊಸೆಯ ತಲೆಗೆ ಎಣ್ಣೆ ಹಚ್ಚುವಾಗ ಮರೆವ್ವನ ಕಣ್ಣಿಗೆ ಆ ಉಬ್ಬು ಬಿತ್ತು. ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. ಒಬ್ಬಳು ಗಂಟು ಎಂದಳು. ಇನ್ನೊಬ್ಬಳು ತನ್ನ ನಾದಿನಿ ಇಂಥದ್ದೇ ಗಂಟಿನಿಂದ ಸತ್ತಳು ಎಂದಳು. ಓಣಿಗೆ ಬಂದು ಇಂಜೆಕ್ಷನ್ ಮಾಡುವವನೊಬ್ಬ ಕೈಯಾಡಿಸಿ ನೋಡಿ, "ಸೂಜಿ ಚುಚ್ಚಿ ಒಳಗಿನದ್ದು ತಗೀತೇನಿ" ಎಂದ. ಪರಶು ಹೂಂ ಅಂದುಬಿಟ್ಟ. ಕೋಮಲ ಮಾತ್ರ ಕೊರಳು ಮುಟ್ಟಗೊಡಲಿಲ್ಲ.

"ರೋಗ ಮುಚ್ಚಿಟ್ಟು ಮಗಳನ್ನ ಕೊಟ್ರೇನು?" ಎಂದು ಮರೆವ್ವ ಬೀಗರಿಗೆ ಫೋನ್ ಹಚ್ಚಿದಳು.

ಯಂಕಂಚಿಯಿಂದ ಕೋಮಲಳ ತಂದೆ ಚಂದ್ರಾಮ ಮರುದಿನವೇ ಬಂದ. ಅಂಗಳದಲ್ಲಿ ನಿಂತೇ ಹೇಳಿದ, "ಏನೂ ಮುಚ್ಚಿಟ್ಟಿಲ್ರಿ ಅಕ್ಕಾರ. ಅಳಿಯಂದ್ರನ್ನ ಕೇಳ್ರಿ, ಅವರಿಗೂ ಗೊತ್ತೈತಿ."

ಪರಶು ಒಳಕೋಣೆಯಲ್ಲಿದ್ದ. ಎಲ್ಲವೂ ಕೇಳಿಸುತ್ತಿತ್ತು. ಹೊರಗೆ ಬಂದು ಹೌದು ಎಂದಿದ್ದರೆ ಸಾಕಿತ್ತು. ಆದರೆ ಅಂಗಳದ ತುಂಬ ಜನ. ನಾದಿನಿ ಸತ್ತ ಮಾತು ಕೇಳಿದಾಗಿನಿಂದ ಅವನಿಗೂ ಆ ಉಬ್ಬು ಬೇರೆಯಾಗಿ ಕಾಣತೊಡಗಿತ್ತು. ಕೋಣೆಯ ಬಾಗಿಲು ಮುಚ್ಚಿಕೊಂಡು ಕೂತ. ಮಗಳನ್ನು ಕರಕೊಂಡು ಹೋಗ್ರಿ ಎಂದಳು ಮರೆವ್ವ. ಕೋಮಲ ಸೆರಗನ್ನು ಕೊರಳಿಗೆ ಸುತ್ತಿಕೊಂಡು ಅಪ್ಪನ ಹಿಂದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಆಮೇಲೆ ಅವನು ಫೋನ್ ಮಾಡಲಿಲ್ಲ. ಮಾಡಿದವಳು ಅವಳೇ. "ನಾಳೆ ವಿಜಯಪುರದಾಗ ಸ್ಕ್ಯಾನ್ ಐತ್ರಿ. ಏನಿದ್ರೂ ನಿಮ್ಮ ಮುಂದ ಹೇಳಲಿ. ಬರ್ರಿ."

ಪರಶು ಹೋದ. ಸ್ಕ್ಯಾನ್ ಮಾಡುವ ಡಾಕ್ಟರ್ ನಿಷತ ಅವರು ಕೋಮಲಳ ಕೊರಳಿಗೆ ತಣ್ಣನೆಯ ಜೆಲ್ ಹಚ್ಚಿ, ಯಂತ್ರದ ಹಿಡಿಕೆ ಆಡಿಸಿದರು. ಪರದೆಯ ಮೇಲೆ ಕೆಂಪು ಬಣ್ಣ ಮಿಡಿಯಿತು.

"ಇದು ಗಂಟು ಅಲ್ರಿ. ತೆಲಿ ಕಡೆ ರಕ್ತ ಒಯ್ಯೂ ನಾಳ. ಬಹಳ ಮಂದಿಗೆ ಎಲುಬಿನ ಹಿಂದ ಅಡಗಿರ್ತೈತಿ, ಇವರದು ಮ್ಯಾಲ ಬಂದು ಬಾಗೇತಿ. ಅದಕ್ಕ ಬಡಿಯೂದು ಕಾಣತೈತಿ. ಹುಟ್ಟಿನಿಂದ ಬಂದದ್ದು, ರೋಗ ಅಲ್ಲ." ಆಮೇಲೆ ಗಂಭೀರವಾಗಿ ಹೇಳಿದರು, "ಆದ್ರ ಯಾರಾದ್ರೂ ಗಂಟು ಅಂತ ತಿಳದು ಚುಚ್ಚಿದ್ರ ಜೀವಕ್ಕ ಅಪಾಯ. ಕೊರಳಿಗೆ ಏನರ ಆಪರೇಷನ್ ಅಂದ್ರ ಮೊದಲ ಇದನ್ನ ಹೇಳ್ರಿ."

ಸೂಜಿ ಚುಚ್ಚುವವನಿಗೆ ತಾನು ಹೂಂ ಅಂದದ್ದು ಪರಶುವಿನ ಕಿವಿಯಲ್ಲಿ ಕೇಳಿದಂತಾಯಿತು. ಏನಾದರೂ ಮಾತಾಡಬೇಕೆಂದು, "ನಮಗ್ಯಾರಿಗೂ ಹಿಂಗ ಇಲ್ಲಲ್ರೀ?" ಎಂದ.

"ಬರ್ರಿ, ನಿಮ್ಮದೂ ನೋಡೂಣು." ಅವನನ್ನು ಮಲಗಿಸಿ ಡಾಕ್ಟರ್ ಹಿಡಿಕೆ ಇಟ್ಟರು. ಸ್ವಲ್ಪ ಹೊತ್ತು ನೋಡಿ ನಕ್ಕರು. "ಬಹಳ ಮಂದಿಗೆ ಈ ನಾಳ ದವಡಿಗೆ ಸಮೀಪ ಹೋಗಿ ಎರಡಾಗಿ ಕವಲೊಡೀತೈತಿ. ನಿಮ್ಮದು ಎಷ್ಟು ಕೆಳಗ ಕವಲೊಡದೈತಿ ನೋಡ್ರಿ. ಇದೂ ರೋಗ ಅಲ್ಲ. ಮಾರಿ ಹೆಂಗ ಒಬ್ಬೊಬ್ಬರದು ಒಂದೊಂದು ಥರ, ಒಳಗೂ ಹಂಗ. ನಿಮ್ಮದು ಹೊರಗ ಕಾಣಂಗಿಲ್ಲ, ಅಷ್ಟ."

ಕೋಮಲ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಳು, "ಹಂಗಾರ ಇವರನ್ನ ಎಲ್ಲಿಗೆ ಕಳಸೂದ್ರಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಪರಶುವಿಗೆ ಆಯಿತು. ಜೆಲ್ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ.

ಅವಳು ಬೇಡವೆಂದರೂ ಅವನು ಜೊತೆಗೆ ಯಂಕಂಚಿಗೆ ಹೋದ. ಚಂದ್ರಾಮ ಕಟ್ಟೆಯ ಮೇಲೆ ಕೂತಿದ್ದ. "ಮಾವಾರ, ಅವತ್ತು ನಾನು ಮನ್ಯಾಗ ಇದ್ನಿ. ನೀವಂದದ್ದು ಎಲ್ಲಾ ಕೇಳಿಸಿತ್ತು," ಎಂದ ಪರಶು.

"ಗೊತ್ತೈತ್ರಿ. ಬಾಗಲಾ ಮುಚ್ಚಿದ್ದು ನೋಡೀನಿ," ಎಂದು ಚಂದ್ರಾಮ ನೀರಿನ ತಂಬಿಗೆ ಮುಂದಿಟ್ಟ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪರಶು ಎರಡು ಗುಟುಕು ಕುಡಿದು ತಂಬಿಗೆ ಕೆಳಗಿಟ್ಟ.

ಕೋಮಲ ಕೂಡಲೇ ಹೊರಡಲಿಲ್ಲ. "ಮೊದಲ ನಿಮ್ಮ ಅವ್ವಗ ಹೇಳ್ರಿ," ಎಂದಳು.

ಅವನು ಊರಿಗೆ ಮರಳಿ ಹೇಳಿದ್ದನ್ನೆಲ್ಲ ಮರೆವ್ವ ಕೇಳಿದಳು. "ನನಗ ತಿಳೀಲಿಲ್ಲೋ ಯಪ್ಪಾ. ತಪ್ಪಾತು, ಅಕಿ ಕೈ ಹಿಡದು ಕೇಳಕೋತೇನಿ. ನಿನಗ ಮೊದಲ ಗೊತ್ತಿತ್ತಲ್ಲ, ನಿನಗೇನಾಗಿತ್ತು?" ಎಂದಳು. ಇಷ್ಟು ದಿನ ತಪ್ಪೆಲ್ಲ ಅವ್ವನದು ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದ ಅವನು.

ಮರೆವ್ವ ತಾನೇ ಹೋಗಿ ಸೊಸೆಯನ್ನು ಕರೆತಂದಳು. ಓಣಿಯವರು ಬಂದು, ಗಂಟು ಏನಾಯ್ತು, ಆಪರೇಷನ್ ಆಯ್ತೇನು ಎಂದು ಕೇಳುತ್ತಿದ್ದರು. ಕೋಮಲ ಗಂಡನ ಕಡೆ ನೋಡುತ್ತಿದ್ದಳು.

"ಗಂಟು ಇದ್ದಿದ್ದಿಲ್ರಿ. ಅಕಿಗೆ ರೋಗ ಇಲ್ಲ. ನಾನ ಗೊತ್ತಿದ್ದೂ ಸುಮ್ಮನಿದ್ನಿ," ಎಂದು ಪರಶು ಹೇಳುತ್ತಿದ್ದ. ಹೇಳಿದಾಗೆಲ್ಲ ಮುಖ ಕಾದು ಹೋಗುತ್ತಿತ್ತು. ಮುಂದೆ ಇನ್ನೊಬ್ಬರು ಬಂದು ಕೇಳಿದರೆ, ಅವರಿಗೂ ಹೇಳುತ್ತಿದ್ದ.