ಎತ್ತಿಟ್ಟ ಒಂದು ಸೆಕೆಂಡು

“ಮೇಷ್ಟ್ರೇ, ಸಾಕು. ಇನ್ನು ನಿಧಾನ.”

ಹೆಲ್ಮೆಟ್ಟಿನೊಳಗೆ ಮ್ಯಾನೇಜರನ ದನಿ ಗುಂಯ್‌ಗುಟ್ಟಿದಾಗ ಅವನು ಎರಡನೇ ಸ್ಥಾನದ ಕಾರಿನ ಬಾಲಕ್ಕೆ ಅಂಟಿಕೊಂಡಿದ್ದ. ಮುಂದಿನವನ ಟೈರು ಸವೆದು ಹೋಗಿತ್ತು. ಪ್ರತಿ ತಿರುವಿನಲ್ಲೂ ಆ ಕಾರು ಕುಡಿದವನ ಹಾಗೆ ಹೊರಕ್ಕೆ ವಾಲುತ್ತಿತ್ತು. ಇದೇ ವೇಗದಲ್ಲಿ ಇನ್ನೊಂದು ಸುತ್ತು ಹೋದರೆ ಅವನನ್ನು ಹಿಂದೆ ಹಾಕಬಹುದಿತ್ತು.

“ಕೇಳಿಸ್ತಾ? ಎರಡು ಸುತ್ತು ಆಗಲೇ ಜೋರಾಗಿದೆ. ಮೂರನೇದೂ ಹಾಗೇ ಆದ್ರೆ ಸಮಿತಿಯವರ ಕಣ್ಣಿಗೆ ಬೀಳ್ತೀರಿ.”

“ಕೇಳಿಸ್ತು ಮಾರಾಯ, ಕೇಳಿಸ್ತು.”

ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡ. ರೇಸಿನ ಮೈದಾನದ ಹಿಂಬದಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಒಂದು ಉದ್ದನೆಯ ಬಲತಿರುವು ಇದೆ. ಅಲ್ಲಿಗೆ ಬಂದಾಗ ಆಕ್ಸಿಲರೇಟರಿನಿಂದ ಬಲಗಾಲನ್ನು ಎತ್ತಿದ. ತೀರಾ ಎತ್ತಲಿಲ್ಲ, ಒಂದಿಷ್ಟೇ. ಬ್ರೇಕು ಮುಟ್ಟಿದರೆ ಹಿಂದೆ ಕೆಂಪು ದೀಪ ಉರಿದು ಊರಿಗೆಲ್ಲ ಡಂಗುರವಾಗುತ್ತದೆ. ಕಾಲು ಎತ್ತಿದರೆ ಪಕ್ಕದವನಿಗೂ ತಿಳಿಯುವುದಿಲ್ಲ. ಮುಂದಿನ ಕಾರು ಕೈಗೆ ಸಿಗದಷ್ಟು ದೂರ ಹೋಯಿತು. ಮೇಷ್ಟ್ರು ಮೂರನೆಯವನಾಗಿ ಗೆರೆ ದಾಟಿದ.

ಹೊರಗಿನವರಿಗೆ ಇದು ಹುಚ್ಚರ ಸಂತೆಯ ಹಾಗೆ ಕಾಣಬಹುದು. ಕಾರು ಓಡಿಸಿಯೇ ಹೊಟ್ಟೆ ಹೊರೆಯುವವನಿಗೆ ಜೋರಾಗಿ ಓಡಿಸಬೇಡ ಎನ್ನುವುದೆಂದರೇನು? ಆದರೆ ಈ ರೇಸಿನ ಕಟ್ಟಳೆಯೇ ಹಾಗೆ. ಒಂದು ಕಾರಿಗೆ ಇಬ್ಬರು ಚಾಲಕರು. ಒಬ್ಬ ದುಡ್ಡು ಹಾಕುವ ಶೋಕಿಲಾಲ, ಮೊದಲರ್ಧ ಅವನದು. ಇನ್ನೊಬ್ಬ ಸಂಬಳಕ್ಕೆ ಓಡಿಸುವವನು, ಅವನು ಎರಡನೇ ದರ್ಜೆಯವನೇ ಆಗಿರಬೇಕು. ವರ್ಷದ ಕೊನೆಗೆ ಒಂದು ಸಮಿತಿ ಕೂತು ಎಲ್ಲರ ಸುತ್ತಿನ ವೇಗ ನೋಡಿ, ತೀರಾ ಚುರುಕಾದವರನ್ನು ಮೊದಲ ದರ್ಜೆಗೆ ಏರಿಸುತ್ತದೆ. ಏರಿದವನ ಪಾಡು ಯಾರಿಗೂ ಬೇಡ. ಶೋಕಿಲಾಲರು ಅವನನ್ನು ಇಟ್ಟುಕೊಳ್ಳುವಂತಿಲ್ಲ. ಮೊದಲ ದರ್ಜೆಯವರನ್ನು ಕರೆಯುವ ಕಂಪನಿಯ ತಂಡಗಳು ಬೆರಳೆಣಿಕೆಯಷ್ಟು, ಅವಕ್ಕೆ ಮೀಸೆ ಚಿಗುರದ ಹುಡುಗರೇ ಆಗಬೇಕು. ಬಡ್ತಿ ಕೊಟ್ಟು ಮನೆಗೆ ಕಳಿಸುವುದು ಎಂದರೆ ಇದೇ.

ಹಾಗಾಗಿ ಮೂರು ವರ್ಷದಿಂದ ಮೇಷ್ಟ್ರು ಟ್ಯಾಂಕಿನ ಬಳಿ ಕಾಲು ಎತ್ತುತ್ತಲೇ ಬಂದಿದ್ದ. ಆ ಒಂದು ಜಾಗದಲ್ಲಿ ಎತ್ತಿದರೆ ಸುತ್ತಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು ತಡವಾಗುತ್ತಿತ್ತು. ಸೋತ ಲೆಕ್ಕದಲ್ಲಿ ಅವನು ಅದನ್ನು ಎಂದೂ ಬರೆದುಕೊಂಡವನಲ್ಲ. ಎತ್ತಿಟ್ಟಿದ್ದೇನೆ, ಬೇಕಾದ ದಿನ ತೆಗೆಯುತ್ತೇನೆ ಎಂದುಕೊಂಡಿದ್ದ.

ಮೇಷ್ಟ್ರು ಎಂಬುದು ಅಡ್ಡಹೆಸರು. ವಾರದ ದಿನಗಳಲ್ಲಿ ಅವನು ಹೊಸದಾಗಿ ದೊಡ್ಡ ಕಾರು ಕೊಂಡವರ ಪಕ್ಕದಲ್ಲಿ ಕೂತು, ಅವರು ತಿರುವನ್ನು ಮರೆತಾಗ “ಸರ್, ಬ್ರೇಕ್, ಬ್ರೇಕ್” ಎಂದು ಕೂಗುತ್ತಿದ್ದ. ಅದೂ ರೇಸಿನ ಕೆಲಸವೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೆಣ್ಣು ಕೊಟ್ಟ ಮಾವ ಮಾತ್ರ, ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು, ಮನೆಗೆ ಬಂದಾಗಲೆಲ್ಲ ಅದೇ ರಾಗ ಎಳೆಯುತ್ತಿದ್ದರು: “ರೇಸು ಸರಿ ಅಳಿಯಂದ್ರೆ, ಹೊಟ್ಟೆಪಾಡಿಗೆ ಏನ್ ಮಾಡ್ತೀರಿ?”

ಅಂದು ರೇಸು ಮುಗಿದ ಮೇಲೆ ಗ್ಯಾರೇಜಿನಲ್ಲಿ, ಅವನ ಕಾರಿಗೆ ದುಡ್ಡು ಹಾಕುವ ಸಾಹುಕಾರರು ಎರಡೂ ಕೈ ಚಾಚಿ ಬಂದು ಅವನನ್ನು ತಬ್ಬಿಕೊಂಡರು. ಅವರದು ಹಾಸಿಗೆ ಕಾರ್ಖಾನೆ. ಕಾರಿನ ಮೂತಿಯ ಮೇಲೆ ನಗುನಗುತ್ತ ನಿದ್ದೆ ಹೋದ ದಿಂಬಿನ ಚಿತ್ರವಿತ್ತು. ಸೀಟು ಅವರ ಮೈಯಳತೆಗೆ ಮಾಡಿದ್ದು. ಮೇಷ್ಟ್ರು ಅವರದೇ ಕಾರ್ಖಾನೆಯ ಸ್ಪಂಜಿನ ತುಂಡನ್ನು ಬೆನ್ನ ಹಿಂದೆ ತುರುಕಿಕೊಂಡು ಓಡಿಸುತ್ತಿದ್ದ.

“ಮೂರನೇ ಸ್ಥಾನ! ನಾನು ರಸ್ತೆ ಬಿಟ್ಟು ಆ ಹುಲ್ಲಿನೊಳಗೆ ಹೋಗದೆ ಇದ್ದಿದ್ರೆ ಗೆದ್ದೇ ಬಿಡ್ತಿದ್ವಿ ಅಲ್ವಾ ಮೇಷ್ಟ್ರೇ?”

“ಹುಲ್ಲು ಚೆನ್ನಾಗಿ ಕೊಯ್ದಿದ್ರಿ ಸರ್.”

ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. ಒಳ್ಳೆಯ ಮನುಷ್ಯ. ಒಳ್ಳೆಯವರಾಗಿದ್ದುದೇ ಮೇಷ್ಟ್ರಿಗೆ ಇನ್ನಷ್ಟು ಕಿರಿಕಿರಿ. ಕೆಟ್ಟವರಾಗಿದ್ದರೆ ಎಂದೋ ಜಗಳವಾಡಿ ಬಿಟ್ಟುಹೋಗಬಹುದಿತ್ತು.

ಕೈ ತೊಳೆಯಲು ಹೊರಗೆ ಹೋದಾಗ ನಲ್ಲಿಯ ಹತ್ತಿರ ಒಬ್ಬ ಹೆಂಗಸು ಕಾದು ನಿಂತಿದ್ದರು. ನರೆಗೂದಲು, ಕೊರಳಲ್ಲಿ ಕಂಪನಿ ತಂಡದ ಗುರುತಿನ ಚೀಟಿ. ಆ ತಂಡದ ಇಂಜಿನಿಯರ್ ಅವರೇ ಎಂದು ಮೈದಾನದಲ್ಲಿ ಎಲ್ಲರಿಗೂ ಗೊತ್ತಿತ್ತು.

“ನಾನು ಟ್ಯಾಂಕಿನ ಹತ್ರ ಬೇಲಿ ಪಕ್ಕ ನಿಂತಿದ್ದೆ,” ಎಂದರು. “ನೀವು ಅಲ್ಲಿ ಕಾಲು ಎತ್ತಿದ್ರಿ.”

ಮೇಷ್ಟ್ರು ಕೈಗೆ ಇನ್ನಷ್ಟು ಸಾಬೂನು ಹಚ್ಚಿದ.

“ಹೆದರ್ಬೇಡಿ, ನಾನು ಸಮಿತಿಯವಳಲ್ಲ. ಎತ್ತದೆ ಹೋಗೋಕೆ ಬರುತ್ತಾ?”

“ಬರುತ್ತೆ.”

“ನಮಗೆ ಮುಂದಿನ ವರ್ಷಕ್ಕೆ ಒಬ್ಬರು ಬೇಕು. ಪೂರ್ತಿ ವರ್ಷದ ಸಂಬಳ. ಯಾರಿಗೂ ಪಾಠ ಹೇಳೋದು ಬೇಡ, ಯಾವ ದರ್ಜೆ ಅಂತ ಕೇಳೋರೂ ಇಲ್ಲ. ಎಷ್ಟು ಜೋರು ಅನ್ನೋದೊಂದೇ. ಒಬ್ಬ ಹುಡುಗನನ್ನೂ ಕರೆದಿದೀನಿ. ಮಂಗಳವಾರ ಇಲ್ಲಿಗೇ ಬನ್ನಿ, ಇಬ್ರನ್ನೂ ನೋಡ್ತೀನಿ.”

ಅವರು ಹೋದ ಮೇಲೂ ನಲ್ಲಿ ಸುರಿಯುತ್ತಲೇ ಇತ್ತು. ಹದಿನೇಳನೇ ವಯಸ್ಸಿನಿಂದ ಅವನು ಕಾದಿದ್ದು ಈ ಮಾತಿಗೆ. ಈಗ ವಯಸ್ಸು ಮೂವತ್ತೈದು ದಾಟಿತ್ತು. ಇದು ತಪ್ಪಿದರೆ ಇನ್ನೊಂದು ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಯಲ್ಲಿ ಹೆಂಡತಿ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಯಾರದೋ ಕನ್ನಡಕದ ತಿರುಪು ಬಿಗಿಯುತ್ತಿದ್ದಳು. ಅವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ತಿಂಗಳು ತಿಂಗಳೂ ತಪ್ಪದೆ ಮನೆಗೆ ಬರುವ ಸಂಬಳ ಅವಳದೊಂದೇ. ವಿಷಯ ಕೇಳಿ ತಿರುಪುಳಿ ಕೆಳಗಿಟ್ಟಳು.

“ಮಂಗಳವಾರ ನಾನೂ ಬರ್ತೀನಿ.”

“ನಿನಗೆ ರಜ ಕೊಡ್ತಾರಾ?”

“ಕೊಡದಿದ್ರೆ ತಲೆನೋವು ಅಂತೀನಿ. ರೀ, ಮೂರು ವರ್ಷದಿಂದ ಆ ನಿಮ್ಮ ಸೆಕೆಂಡಿನ ಜೊತೆ ಸಂಸಾರ ಮಾಡ್ತಿದೀನಿ. ಬಾಡಿಗೆ ಏರಿದಾಗ ಅದರ ಮಾತು, ಅಪ್ಪ ಕೊಂಕು ತೆಗೆದಾಗ ಅದರ ಮಾತು. ಒಂದ್ಸಲನಾದ್ರೂ ಅದರ ಮುಖ ನೋಡ್ಬೇಡ್ವಾ?”

ಇಬ್ಬರೂ ನಕ್ಕರು. ಅಂದು ಅವನು ಹೊಟ್ಟೆ ತುಂಬ ಉಂಡ.

ಮಂಗಳವಾರ ಬಿಸಿಲು ಹದವಾಗಿತ್ತು. ಕಂಪನಿಯ ಗ್ಯಾರೇಜಿನ ನೆಲದಲ್ಲಿ ಮುಖ ಕಾಣುತ್ತಿತ್ತು. ಟೈರುಗಳು ಬಿಸಿ ಹೊದಿಕೆಯೊಳಗೆ ಬೆಚ್ಚಗೆ ಮಲಗಿದ್ದವು. ಮೊದಲು ಅವನ ಅಳತೆಗೆ ಸೀಟು ಹೊಂದಿಸಿದರು. ಹೆಗಲಿನಿಂದ ಸೊಂಟದವರೆಗೆ ಎಲ್ಲೂ ಸಂದು ಉಳಿಯಲಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆ ಸ್ಪಂಜು ಇಟ್ಟುಕೊಂಡು ತಿರುಗಿದ್ದನ್ನು ನೆನೆದು ಅವನಿಗೆ ಸಿಟ್ಟೇ ಬಂತು.

ಕಾರು ಅದ್ಭುತವಾಗಿತ್ತು. ಕೇಳಿದ ಕಡೆ ತಿರುಗುತ್ತಿತ್ತು, ಹೇಳಿದ ಕಡೆ ನಿಲ್ಲುತ್ತಿತ್ತು. ಟೈರು ಕಾದ ಮೇಲೆ ಅವನು ಎಲ್ಲವನ್ನೂ ಬಿಚ್ಚಿ ಓಡಿಸಿದ. ಟ್ಯಾಂಕಿನ ತಿರುವಿನಲ್ಲಿ ಹಲ್ಲು ಕಚ್ಚಿ ಪೆಡಲನ್ನು ನೆಲಕ್ಕೆ ಒತ್ತಿದ. ತಗೋ, ಇದೇ ಆ ಸೆಕೆಂಡು, ಎಂದು ಹೆಲ್ಮೆಟ್ಟಿನೊಳಗೇ ಕೂಗಿದ.

ಇಳಿದು ಬಂದಾಗ ಇಂಜಿನಿಯರ್ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು.

“ಬ್ರೇಕು ನಮ್ಮವರಿಗಿಂತ ಚೆನ್ನಾಗಿ ಹಾಕ್ತೀರಿ. ಉಳಿದ ಕಡೆನೂ ಬೆರಳಿಡೋ ಹಾಗಿಲ್ಲ. ಆದ್ರೆ ಟ್ಯಾಂಕಿನ ಹತ್ರ ಇನ್ನೂ ಎತ್ತುತ್ತಿದೀರಿ. ಇವತ್ತು ಎತ್ತೋದು ಬೇಡ, ಪೂರ್ತಿ ಒತ್ತಿ.”

“ಎತ್ತಿಲ್ಲ ಮೇಡಂ. ಪೂರ್ತಿ ಒತ್ತಿದೀನಿ.”

ಅವರು ಪರದೆಯ ಮೇಲೆ ಬೆರಳಿಟ್ಟರು. ಪೆಡಲು ಎಷ್ಟು ಒತ್ತಿದೆ ಎಂದು ತೋರಿಸುವ ಗೆರೆ ನೆಟ್ಟಗೆ ಹೋಗಿ, ಟ್ಯಾಂಕು ಬಂದ ಕಡೆ ಇಲಿ ಕಡಿದ ಬಟ್ಟೆಯಂಚಿನ ಹಾಗೆ ಒಂದು ಕಚ್ಚು ಬಿದ್ದು, ಮತ್ತೆ ನೆಟ್ಟಗಾಗಿತ್ತು. ಮುಂದಿನ ಸುತ್ತಿನಲ್ಲೂ ಅಲ್ಲೇ ಕಚ್ಚು. ಅದರ ಮುಂದಿನದರಲ್ಲೂ.

“ಪೆಡಲಲ್ಲಿ ಏನೋ ಇದೆ,” ಎಂದ ಮೇಷ್ಟ್ರು. “ತೆಗೆದು ನೋಡಿಸಿ.”

ಮೆಕ್ಯಾನಿಕ್ ಕಾರಿನೊಳಗೆ ತಲೆಕೆಳಗಾಗಿ ತೂರಿಕೊಂಡು ನೋಡಿದ, ಒತ್ತಿದ, ಬಿಟ್ಟ, ಮತ್ತೆ ಒತ್ತಿದ. “ಏನೂ ಆಗಿಲ್ಲ ಸರ್,” ಎಂದು ಎದ್ದು ಕೈ ಒರೆಸಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವನ ಮುಖದಲ್ಲೇ ಬರೆದಿತ್ತು.

ಎರಡನೇ ಸಲ ಹೋಗಿ ಬಂದ. ಅದೇ ವೇಗ, ಅದೇ ಕಚ್ಚು. ಗೋಡೆಯ ಪಕ್ಕ ನಿಂತಿದ್ದ ಹೆಂಡತಿ “ಏನಂತೆ?” ಎಂದು ಕಣ್ಣಲ್ಲೇ ಕೇಳಿದಳು. ಅವನು ನೋಡದವನಂತೆ ನೀರಿನ ಬಾಟಲಿ ಎತ್ತಿಕೊಂಡ. ಮೈಯೆಲ್ಲ ಉರಿಯುತ್ತಿತ್ತು. ಯಾರನ್ನಾದರೂ ಬಯ್ಯಬೇಕೆಂದರೆ ಬಯ್ಯಲು ಯಾರೂ ಇರಲಿಲ್ಲ. ಮ್ಯಾನೇಜರಿಲ್ಲ, ಸಾಹುಕಾರರಿಲ್ಲ, ಕಿವಿಯಲ್ಲಿ ನಿಧಾನ ಎನ್ನುವ ದನಿಯೂ ಇಲ್ಲ.

“ಇನ್ನೊಂದ್ಸಲ,” ಎಂದ.

“ಇದೇ ಕೊನೇದು,” ಎಂದರು ಇಂಜಿನಿಯರ್.

ಮೂರನೇ ಸಲ ಅವನು ರಸ್ತೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ತನ್ನ ಕಾಲನ್ನೇ ಗಮನಿಸುತ್ತಿದ್ದ. ಟ್ಯಾಂಕು ಬಂತು. ಒತ್ತು, ಒತ್ತು, ಎಂದ. ಆಗ ತಿಳಿಯಿತು. ಹಿರಿಯರು ಒಳಗೆ ಬಂದಾಗ ಕೂತವರು ತಾವಾಗಿ ಎದ್ದು ನಿಲ್ಲುವಂತೆ ಕಾಲು ಮರ್ಯಾದೆಯಿಂದ ಮೇಲೆದ್ದಿತು. ಅವನು ಬೇಡ ಎನ್ನುವುದರೊಳಗೆ ಎದ್ದು, ಅವನು ಅರಿಯುವುದರೊಳಗೆ ಮತ್ತೆ ಕೂತಿತ್ತು. ಮುಂದಿನ ಸುತ್ತಿನಲ್ಲಿ ಅವನು ಗಟ್ಟಿಯಾಗಿ ಕಿರುಚಿದ. ಕಿರುಚಾಟದ ನಡುವೆಯೇ ಕಾಲು ಎದ್ದಿತು.

ಇನ್ನೂ ಎರಡು ಸುತ್ತಿಗೆ ಪೆಟ್ರೋಲಿತ್ತು. ಅವನೇ ಕಾರನ್ನು ಒಳಕ್ಕೆ ತಂದ.

ಇಂಜಿನಿಯರ್ ಈ ಸಲ ಪರದೆ ತಿರುಗಿಸಲಿಲ್ಲ. “ಇದು ಬಿಟ್ಟುಹೋಗೋ ಅಭ್ಯಾಸಾನೇ,” ಎಂದರು. “ಆದ್ರೆ ತಿಂಗಳುಗಟ್ಟಲೆ ಬೇಕು. ನನ್ನ ಹತ್ರ ಇರೋದು ಇವತ್ತೊಂದು ದಿನ.”

“ನನಗೆ ಬರುತ್ತೆ ಮೇಡಂ. ಮೊದಲು ಬರ್ತಿತ್ತು.”

“ಗೊತ್ತು. ಅದಕ್ಕೇ ಕರೆದಿದ್ದು.”

ಇಂಜಿನಿಯರ್ ಕರೆಸಿದ್ದ ಇನ್ನೊಬ್ಬ ಹುಡುಗ ಅವನಿಗೆ “ನಮಸ್ಕಾರ ಸರ್” ಎಂದು ಹೇಳಿ, ತನ್ನ ಸೀಟು ಕೂರಿಸಿಕೊಂಡು ಹೊರಟ. ಮೇಷ್ಟ್ರು ಹೆಂಡತಿಯ ಪಕ್ಕ ಬೇಲಿಗೆ ಒರಗಿ ನಿಂತ. ಕಾರು ಹಿಂಬದಿಗೆ ಹೋಗಿ ಮರೆಯಾಯಿತು; ಇಂಜಿನ್ನಿನ ಸದ್ದು ಮಾತ್ರ ಗಾಳಿಯಲ್ಲಿ ಬರುತ್ತಿತ್ತು. ಟ್ಯಾಂಕಿನ ಕಡೆ ಆ ಸದ್ದು ಒಂದು ಕ್ಷಣವೂ ಕುಗ್ಗದೆ ಏರುತ್ತಲೇ ಹೋಯಿತು.

“ಇವನು ಚೆನ್ನಾಗಿ ಓಡಿಸ್ತಾನಾ?” ಎಂದು ಅವಳು ಕೇಳಿದಳು.

“ಬ್ರೇಕು ಹಾಕೋಕೆ ಬರಲ್ಲ ಅವನಿಗೆ,” ಎಂದ ಮೇಷ್ಟ್ರು. ತಾನು ಆಡಿದ ಮಾತಿಗೆ ತನಗೇ ನಾಚಿಕೆಯಾಯಿತು. “ಓಡಿಸ್ತಾನೆ,” ಎಂದ ಆಮೇಲೆ.

ಕಾರುಗಳನ್ನು ನಿಲ್ಲಿಸುವ ಬಯಲಿಗೆ ಬರುವಷ್ಟರಲ್ಲಿ ಸಾಹುಕಾರರ ಫೋನು ಬಂತು. ಅವರ ದನಿ ಅಕ್ಕಪಕ್ಕದವರಿಗೂ ಕೇಳುವಷ್ಟು ದೊಡ್ಡದು.

“ಮೇಷ್ಟ್ರೇ, ಸಿಹಿ ಸುದ್ದಿ! ಸಮಿತಿ ಪಟ್ಟಿ ಬಂತು. ಮುಂದಿನ ವರ್ಷಕ್ಕೂ ನೀವು ಎರಡನೇ ದರ್ಜೆನೇ! ನಾನಂತೂ ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ. ಬಚಾವಾದ್ವಿ!”

“ಹೌದಾ ಸರ್.”

“ಖುಷಿ ಆಗ್ಲಿಲ್ವಾ?”

“ಆಯ್ತು ಸರ್. ಖುಷಿ ಆಯ್ತು.”

ಅವನು ಫೋನು ಜೇಬಿಗೆ ಹಾಕಿ, ಕಾರಿನ ಬೀಗದ ಕೈಯನ್ನು ಹೆಂಡತಿಯ ಕಡೆ ಚಾಚಿದ. ಮದುವೆಯಾದಾಗಿನಿಂದ ಇಬ್ಬರೂ ಜೊತೆಗೆ ಹೊರಟಾಗ ಓಡಿಸುತ್ತಿದ್ದವನು ಅವನೇ. ಅವಳು ಒಂದು ಗಳಿಗೆ ಬೀಗದ ಕೈಯನ್ನೂ ಅವನ ಮುಖವನ್ನೂ ನೋಡಿ ಇಸಿದುಕೊಂಡಳು.

ಅವಳು ಕಾರನ್ನು ಹುಷಾರಾಗಿ ರಸ್ತೆಗೆ ಇಳಿಸಿದಳು. ಮುಂದೆ ಒಂದು ಹಾಲಿನ ಲಾರಿ ತೆವಳುತ್ತಿತ್ತು. ಅದನ್ನು ದಾಟುವ ಯೋಚನೆಯೇ ಅವಳಿಗೆ ಇರಲಿಲ್ಲ. ರಸ್ತೆ ನಿಧಾನವಾಗಿ ಬಲಕ್ಕೆ ಬಾಗಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ಅವನು ಮುಂದಕ್ಕೆ ಬಗ್ಗಿ, ಎರಡೂ ಅಂಗೈಗಳನ್ನು ಬಲಮೊಣಕಾಲಿನ ಮೇಲಿಟ್ಟು, ಬಲವಾಗಿ ಕೆಳಕ್ಕೆ ಒತ್ತಿ ಹಿಡಿದ.

“ಕಾಲು ನೋಯ್ತಿದ್ಯಾ?” ಎಂದಳು.

“ಇಲ್ಲ,” ಎಂದ. ತಿರುವು ಮುಗಿದು ರಸ್ತೆ ನೆಟ್ಟಗಾದ ಮೇಲೂ ಅವನು ಕೈ ತೆಗೆಯಲಿಲ್ಲ.