ಅಂಟಣ್ಣನ ಕೈಯ ಒಂದು ಚಿಟಿಕೆ

ಪುಸ್ತಕ ಹೊಲಿದು ರಟ್ಟು ಹಾಕುವ ಆ ಅಂಗಡಿಯಲ್ಲಿ ಮೈದಾ ಕದಡಿ ಅಂಟು ಕಾಯಿಸುವುದು ಅವನ ಕೆಲಸ. ಹಾಗಾಗಿ ಮೂವತ್ತು ವರ್ಷದಿಂದ ಎಲ್ಲರ ಬಾಯಲ್ಲೂ ಅವನು ಅಂಟಣ್ಣ. ಅಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಸರದಿಯ ಮೇಲೆ ಒಬ್ಬರು ಎಲ್ಲರಿಗೂ ಅಡುಗೆ ಮಾಡಬೇಕು, ಅದೂ ಅಂಟು ಕಾಯಿಸುವ ಒಲೆಯ ಮೇಲೆಯೇ. ಪಾತ್ರೆ ಮಾತ್ರ ಬೇರೆ. ಅಂಟಣ್ಣನ ಸರದಿಯಲ್ಲಿ ಪಾತ್ರೆ ಬದಲಿಸುವ ಅಗತ್ಯವೇ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ತಾನೇ ಮೊದಲು ಹೇಳಿಬಿಟ್ಟರೆ ನೋವು ಕಡಿಮೆ ಎಂದು ಕಂಡುಕೊಂಡ ಅವನು ಈಚೆಗೆ ಆ ಮಾತನ್ನು ತಾನೇ ಹೇಳಿಕೊಂಡು ನಗುತ್ತಿದ್ದ.

ಹೋದ ಸಲ ಅವನು ಮಾಡಿದ ಬೇಳೆ ತಳ ಹಿಡಿದಿತ್ತು. ಅದಕ್ಕೆ ಹಿಂದಿನ ಸಲ ಸೌಟು ಪಾತ್ರೆಯೊಳಗೆ ಯಾರ ಆಸರೆಯೂ ಇಲ್ಲದೆ ನಿಂತಿತ್ತು. ಕಾಗದ ಕತ್ತರಿಸುವ ಯಂತ್ರದವನು ಮುಖಸ್ತುತಿ ಬಲ್ಲವನಲ್ಲ. ಇನ್ನೊಂದು ಸರದಿ ನೋಡೋಣ, ಅದೂ ಕೆಟ್ಟರೆ ಅಂಟಣ್ಣ ಪಾತ್ರೆ ತೊಳೆದುಕೊಂಡಿರಲಿ ಎಂದು ಎಲ್ಲರೆದುರೇ ಹೇಳಿದ್ದ. ಅಂಟಣ್ಣ ಎಲ್ಲರ ಜೊತೆ ನಕ್ಕ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ತಾನು ಮಾಡಿದ್ದನ್ನು ಒಬ್ಬರಾದರೂ ಇನ್ನೊಂದು ಸೌಟು ಹಾಕು ಎಂದು ಕೇಳಲಿ, ಅಷ್ಟು ಸಾಕು ಎಂಬ ಆಸೆ ಅವನಿಗೆ. ಈ ವಯಸ್ಸಿಗೆ ಇದೆಂಥ ಹುಚ್ಚು ಎಂದು ತನ್ನನ್ನೇ ಬೈದುಕೊಂಡರೂ ಆಸೆ ಕದಲಲಿಲ್ಲ.

ಅದೇ ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಅವನ ಸೊಸೆ ಒಂದು ಸ್ಟ್ಯೂ ಮಾಡುವ ಬಗೆ ಬರೆದುಕೊಟ್ಟಳು: ಬಿಳಿ ಕಾಳು, ಆಲೂಗಡ್ಡೆ, ಅಣಬೆ, ಟೊಮೆಟೊ, ಮೇಲೆ ಘಮಕ್ಕೆ ರೋಸ್ಮರಿ ಮತ್ತು ಥೈಮ್ ಎಂಬ ಸೊಪ್ಪು. ರೋಸ್ಮರಿ ಮನೆಗೆ ಬಂದಾಗ ಹೆಂಡತಿ ಮೂಸಿ ನೋಡಿ, ಇದು ಕೂದಲೆಣ್ಣೆಗೆ ಹಾಕುವುದಲ್ಲವೇ ಎಂದಳು. ತನ್ನ ತಲೆಯಲ್ಲಿ ಹಚ್ಚುವುದಕ್ಕೇನೂ ಉಳಿದಿಲ್ಲ, ಆದ್ದರಿಂದ ಊಟಕ್ಕೇ ಹಾಕುತ್ತೇನೆ ಎಂದ ಅಂಟಣ್ಣ.

ಶನಿವಾರ ಅವನು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದ. ಅಣಬೆ ಬಿಟ್ಟ ನೀರು ಇಂಗುವ ತನಕ ಕಾದ. ರೋಸ್ಮರಿ, ಥೈಮ್ ಕಡ್ಡಿಗಳನ್ನು ಹೊಲಿಗೆಯ ದಾರದಿಂದ ಕಟ್ಟಿ ಒಳಗೆ ಇಳಿಬಿಟ್ಟ. ಅರ್ಧ ಗಂಟೆಯಲ್ಲಿ ಅಂಗಡಿಗೆ ಅಂಗಡಿಯೇ ಘಮಘಮ. ಅಂಟಿನ ಹುಳಿ ವಾಸನೆ ಎಲ್ಲಿ ಹೋಯಿತೋ. ಕತ್ತರಿ ಯಂತ್ರದವನು ಯಂತ್ರ ನಿಲ್ಲಿಸಿ ಬಂದು ಮುಚ್ಚಳ ಎತ್ತಿ ನೋಡಿ, ನೇರ ತಟ್ಟೆ ತರಲು ಹೋದ. ಯಜಮಾನರು ಮಹಡಿಯಿಂದ ಇಳಿದು ಬಂದು, ತಮಗೆ ಮೊದಲೇ ಎರಡು ಸೌಟು ಎಂದು ಹೇಳಿಟ್ಟರು. ಸೊಸೆ ಬ್ರೆಡ್ ತರಲು ಓಡಿದಳು.

ಅಂಟಣ್ಣ ಹಿಗ್ಗಿ ಹೀರೇಕಾಯಿಯಾದ. ರಸ ಸ್ವಲ್ಪ ತೆಳ್ಳಗಿದೆ ಅನ್ನಿಸಿ ಎರಡು ಚಮಚ ಮೈದಾ ನೀರಿನಲ್ಲಿ ಕದಡಿ ಹೊಯ್ದು, ಮುಂದಿನ ಸರದಿಗೆ ಏನು ಮಾಡಲಿ ಎಂದು ಕನಸು ಕಾಣುತ್ತಾ ತಿರುವಿದ. ಕನಸು ಮುಗಿದಾಗ ಅವನ ಬೆರಳುಗಳು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದವು.

ಅವನು ಬೆರಳುಗಳನ್ನೇ ನೋಡಿದ. ಅಂಟಿಗೆ ಮೈದಾ ಹೊಯ್ದ ಮೇಲೆ, ಹುಳ ತಿನ್ನದಿರಲೆಂದು ಒಂದು ಚಿಟಿಕೆ ಮೈಲುತುತ್ತ ಹಾಕಬೇಕು. ಅದು ವಿಷದ ನೀಲಿ ಪುಡಿ. ಹಾಕಿದ ಕೂಡಲೇ ಬೆರಳು ಒರೆಸಿಕೊಳ್ಳಬೇಕು. ಮೂವತ್ತು ವರ್ಷದಿಂದ ಮೈದಾ, ಚಿಟಿಕೆ, ಒರೆಸು. ಈಗ ಮೈದಾ ಆಗಿದೆ, ಒರೆಸುವುದೂ ಆಗಿದೆ. ನಡುವಿನದು?

ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಗೂಡಿನ ಕಡೆ ನೋಡಿದ. ಮೈಲುತುತ್ತದ ಡಬ್ಬಿ ಅದರ ಜಾಗದಲ್ಲಿ ಇರಲಿಲ್ಲ. ಅಂದರೆ ಕೈ ಅದನ್ನು ತೆಗೆದು ಎಲ್ಲೋ ಇಟ್ಟಿದೆ. ಒಲೆಯ ಕೆಳಗೆ, ರಟ್ಟಿನ ರಾಶಿಯ ಹಿಂದೆ, ತನ್ನ ಜೇಬಿನಲ್ಲಿ, ಎಲ್ಲ ಕಡೆ ಹುಡುಕಿದ; ಸಿಗಲಿಲ್ಲ. ಟೊಮೆಟೊ ಕೆಂಪಿನಲ್ಲಿ ಒಂದು ಚಿಟಿಕೆ ನೀಲಿ ಎಲ್ಲಿ ಕಾಣಬೇಕು?

ತಟ್ಟೆಗಳು ಸಾಲಾಗಿ ಬಂದು ನಿಂತಿದ್ದವು. ಒಂದು ಚಿಟಿಕೆಯಿಂದ ಏನಾದೀತು, ಅದೂ ಹಾಕಿದ್ದರೆ ತಾನೇ ಎಂದು ಒಳಗೊಬ್ಬ ಪಿಸುಗುಟ್ಟಿದ. ಅವನೂ ಅಂಟಣ್ಣನೇ. ಹೊರಗಿನ ಅಂಟಣ್ಣ ಬಟ್ಟೆಯಲ್ಲಿ ಪಾತ್ರೆ ಹಿಡಿದೆತ್ತಿ ಹಿತ್ತಿಲಿಗೆ ಹೋಗಿ ಇಡೀ ಸ್ಟ್ಯೂವನ್ನು ಚರಂಡಿಗೆ ಸುರಿದ. ಖಾಲಿ ಪಾತ್ರೆಯನ್ನು ತಂದಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದ.

"ವಿಷ ಬಿದ್ದಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಿಮಗೆ ಹೇಗೆ ಬಡಿಸಲಿ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಸೊಸೆ ಬ್ರೆಡ್ ಹಿಡಿದು ಬಂದಳು. ಸಂಗತಿ ಕೇಳಿ ಬ್ರೆಡ್ ಕೆಳಗಿಟ್ಟಳು. ಆಮೇಲೆ ತನ್ನ ಕೈಚೀಲದಲ್ಲಿದ್ದ ದಾರದ ಉಂಡೆಗಳ ಅಡಿಯಿಂದ ಮೈಲುತುತ್ತದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ನೀವು ಒಲೆ ಹಚ್ಚೋಕೆ ಮುಂಚೆನೇ ಇದನ್ನ ತೆಗೆದಿಟ್ಟಿದ್ದೆ ಮಾವ. ನಿಮ್ಮ ಕೈ ನನಗೆ ಗೊತ್ತಿಲ್ವಾ?"

"ಒಂದು ಮಾತು ಹೇಳಬಾರದಿತ್ತೇನಮ್ಮಾ?"

"ಬೇಜಾರು ಮಾಡ್ಕೋತೀರಾ ಅಂತ ಸುಮ್ಮನಾದೆ."

ಎಲ್ಲರೂ ಒಮ್ಮೆ ಹಿತ್ತಿಲ ಕಡೆ ನೋಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಈ ತುತ್ತನ್ನು ಚರಂಡಿಯವರೆಗೆ ಹೊತ್ತುಕೊಂಡು ಹೋಗಿ ಬಿಟ್ಟು ಬಂದವನು ತಾನೇ. ಇಷ್ಟು ವರ್ಷ ಮಾಡಿದ್ದರಲ್ಲಿ ಚೆಲ್ಲಬೇಕಾದದ್ದನ್ನೆಲ್ಲ ಬಡಿಸಿ, ಬಡಿಸಬೇಕಾದ ಒಂದನ್ನು ಚೆಲ್ಲಿದ ಮಹಾಶಯ ಲೋಕದಲ್ಲಿ ಇನ್ನೊಬ್ಬನಿರಲಾರ ಎಂದುಕೊಂಡ ಅಂಟಣ್ಣ.

ಕತ್ತರಿ ಯಂತ್ರದವನು ಪಾತ್ರೆಯನ್ನು ಹತ್ತಿರ ಎಳೆದುಕೊಂಡ. ಅಂಚಿಗೂ ತಳಕ್ಕೂ ಅಂಟಿಕೊಂಡಿದ್ದ ರಸವನ್ನು ಬ್ರೆಡ್ಡಿನ ಚೂರಿನಿಂದ ಬಳಿದು ಬಾಯಿಗಿಟ್ಟ. ಮತ್ತೊಂದು ಚೂರು ಮುರಿದ. ಯಜಮಾನರು ತಮ್ಮ ಹುದ್ದೆ ಮರೆತು ಕೈ ಹಾಕಿದರು, ಉಳಿದವರೂ ಮುಗಿಬಿದ್ದರು. ಒಂದೇ ಒಂದು ಅಣಬೆ ಸಿಕ್ಕಿತು, ಅದಕ್ಕೆ ಸಣ್ಣ ಜಗಳವೂ ಆಯಿತು. ಪಾತ್ರೆ ತೊಳೆದಿಟ್ಟ ಹಾಗೆ ಹೊಳೆಯತೊಡಗಿದಾಗ ಕತ್ತರಿ ಯಂತ್ರದವನು ತಲೆ ಎತ್ತಿದ.

"ಮುಂದಿನ ಶನಿವಾರ ನನ್ನ ಸರದಿ. ಅದನ್ನ ನೀವು ತಗೊಳ್ಳಿ ಅಂಟಣ್ಣ, ಇದನ್ನೇ ಮಾಡಿ. ಇಷ್ಟು ಸಾಕಾಗಲಿಲ್ಲ."

ಅಂಟಣ್ಣನಿಗೆ ಅಳು ಬಂತು. ಈರುಳ್ಳಿ ಹೆಚ್ಚಿ ಎರಡು ಗಂಟೆ ಆಗಿಹೋಗಿದ್ದರಿಂದ ಅದರ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ.