ಮೇಲಿನ ಮಡಿಯ ನೀರು

ರಟ್ಟಿನ ಮೇಲೆ ‘ತಿಪ್ಪೆ ಗೊಬ್ಬರದ ಅಕ್ಕಿ, ಸರಕಾರಿ ಗೊಬ್ಬರ ಸೋಕಿಲ್ಲ’ ಎಂದು ಬರೆದವನು ನಾನೇ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ಚೀಲದಲ್ಲಿ ಬರುವ ರಾಸಾಯನಿಕ ಗೊಬ್ಬರಕ್ಕೆ ನಮ್ಮ ಕಡೆ ಸರಕಾರಿ ಗೊಬ್ಬರ ಎನ್ನುತ್ತಿದ್ದರು. ಎಪ್ಪತ್ತೆಂಟರ ಸುಗ್ಗಿ ಮುಗಿದ ಮೇಲೆ, ಗಂಗಾವತಿ ಸಂತೆಯಲ್ಲಿ ಅದನ್ನು ಚೀಲಕ್ಕೆ ಒರಗಿಸಿಟ್ಟು ಅಕ್ಕ ಪಕ್ಕೀರವ್ವನ ಬದಿಗೆ ಕೂತೆ.

ಭಾವ ಆದೆಪ್ಪ ಅಕ್ಕನಿಗೆ ಹೇಳಿಯೇ ಕಳಿಸಿದ್ದ: “ಈ ಸಂತ್ಯಾಗ ಮಾರಿದ್ರ ನಿನ್ನ ಗದ್ದಿ ಮಡಿಗೆ ತಿಪ್ಪಿ ಗೊಬ್ಬರಾನ ಹಾಕ್ಕೋ. ಚೀಲ ತಿರುಗಿ ಬಂತಂದ್ರ ಉಳಿದ ಮಡಿಯಂಗ ಅದಕ್ಕೂ ಸರಕಾರಿ ಗೊಬ್ಬರ.”

ಮಧ್ಯಾಹ್ನದವರೆಗೆ ಬಂದವರೆಲ್ಲ ನೋಡಿ ಮುಂದೆ ಹೋದರು. ಕಾಳು ಸಣ್ಣ, ಬಣ್ಣ ಕೊಂಚ ಕೆಂಪು. “ಸಂತಿಗೆ ತರೂ ಮೊದಲ ಮುಖ ತೊಳಸಬೇಕಿತ್ತವ್ವ,” ಎಂದು ಒಬ್ಬ ನಕ್ಕ. ಎದುರಿನ ಅಂಗಡಿಯಲ್ಲಿ ಮಿಲ್ಲಿನ ಬಿಳಿ ಅಕ್ಕಿ ಖಾಲಿಯಾಗುತ್ತಿತ್ತು.

ಆಗ ಅಕ್ಕನ ಪರಿಚಯದ ನೂರಜಾನಬಿ ಬಂದಳು. ಆಕೆಯ ಮಗಳು ಬಾಣಂತಿ. ಬಾಣಂತಿಗಾದರೆ ನಮ್ಮ ಕಡೆ ತಿಪ್ಪೆ ಗೊಬ್ಬರದ ಅಕ್ಕಿ ಹುಡುಕಿ ಒಯ್ಯುತ್ತಾರೆ. ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದಳು.

“ಛಲೋ ಐತಿ. ಚೀಲ ಪೂರಾ ಕೊಡು. ಖರೇನ ಏನೂ ಹಾಕಿಲ್ಲಲ್ಲ, ಪಕ್ಕೀರವ್ವ?”

“ಹಾಕಿಲ್ಲ ಬೀಬಿ,” ಎಂದಳು ಅಕ್ಕ.

ನಾನು ಬೆಳಗಿನಿಂದ ಆ ರಟ್ಟನ್ನೇ ಓದುತ್ತಿದ್ದೆ. ಸುಮ್ಮನಿರಲಾಗಲಿಲ್ಲ.

“ಈ ಅಕ್ಕಿಗೆ ನಾವು ಹಾಕಿಲ್ರಿ. ಆದ್ರ ಕಾಲುವಿ ನೀರು ಮ್ಯಾಲಿನ ಮಡಿ ತುಂಬಿ ನಮ್ಮ ಮಡಿಗೆ ಇಳೀತೈತಿ. ಮ್ಯಾಲಿನವರು ಸರಕಾರಿ ಗೊಬ್ಬರ ಹಾಕ್ತಾರ.”

ಅಕ್ಕ ನನ್ನತ್ತ ನೋಡಲಿಲ್ಲ. ನೂರಜಾನಬಿ ಚೀಲದಿಂದ ಕೈ ತೆಗೆದಳು.

“ಹೇಳದಿದ್ರ ಒಯ್ತಿದ್ನೆಪ್ಪ. ಈಗ ಹೆಂಗ ಒಯ್ಯಲಿ?”

“ಏನೂ ಆಗಂಗಿಲ್ರಿ, ನಾವೂ ಅದನ್ನ ಉಣ್ತೀವಿ,” ಎಂದೆ.

“ನೀ ಏನು ಬಾಣಂತಿ ಏನು?”

ಎದುರಿನ ಅಂಗಡಿಗೆ ಹೋಗಿ ಬಿಳಿ ಅಕ್ಕಿ ತೂಗಿಸಿದಳು. ಅಲ್ಲಿ ಆಕೆ ಏನೂ ಕೇಳಲಿಲ್ಲ. ಅಂಗಡಿಯವನೂ ಏನೂ ಹೇಳಲಿಲ್ಲ.

ಮಾರದ ಚೀಲ ಹೇರಿಕೊಂಡು ಬಂಡಿಯಲ್ಲಿ ಬರುವಾಗ ಅಕ್ಕ, “ನೀರಿನ್ಯಾಗ ಅದು ಎಷ್ಟು ಬರ್ತದೋ ತಮ್ಮಾ?” ಎಂದಳು. ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲೂ ಇಲ್ಲ.

ಮುಂದಿನ ನಾಟಿಯಾದ ಮೇಲೆ ಭಾವ ಸರಕಾರಿ ಗೊಬ್ಬರದ ಚೀಲ ತಂದ. ಅದರ ಮೇಲಿನದನ್ನು ಓದಲು ಮನೆಯಲ್ಲಿ ನಾನೊಬ್ಬನೇ. ಎಕರೆಗೆ ಎಷ್ಟು ಎಂಬುದನ್ನು ಎರಡು ಸಲ ಓದಿದೆ, ತಪ್ಪಬಾರದೆಂದು. ಅಕ್ಕ ಬದುವಿನ ಮೇಲೆ ನಿಂತಿದ್ದಳು. ನಾನು ಅವಳ ಮಡಿಗಿಳಿದು ಎರಚಿದೆ. ಬಿಳಿ ಕಾಳು ನೀರಿಗೆ ಬಿದ್ದು ಕರಗಿದವು. ನೀರು ಕೆಳಗಿನ ಮಡಿಗೆ ಇಳಿಯುತ್ತಿತ್ತು.